ಮನೆಯಲ್ಲಿ ಹಣದ ಮಾತು ಬದಲಾಗಬೇಕಾದರೆ: ಹಂತ ಹಂತದ ಮಾರ್ಗದರ್ಶಿ

ಹೆಚ್ಚಿನ ಮನೆಗಳಲ್ಲಿ ಹಣದ ಮಾತು ಏಳುವುದು ಹಣ ಸಾಲದೆ ಹೋದ ದಿನ. ಕಂತು ಕಟ್ಟಬೇಕಾದ ದಿನ ಖಾತೆ ಬರಿದಾಗಿರುತ್ತದೆ, ಇಲ್ಲವೇ ಯಾರೋ ಹೇಳದೆ ಮಾಡಿದ ಖರ್ಚು ತಿಂಗಳ ಕೊನೆಗೆ ಬೆಳಕಿಗೆ ಬರುತ್ತದೆ. ಆಗ ಶುರುವಾದ ಮಾತು ಎರಡೇ ನಿಮಿಷದಲ್ಲಿ ತಪ್ಪು ಯಾರದು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ವರ್ಷಗಟ್ಟಲೆ ಹೀಗೆಯೇ ನಡೆದ ಮನೆಯಲ್ಲಿ ಹಣದ ವಿಷಯವೆಂದರೆ ಜಗಳದ ಮುನ್ಸೂಚನೆ ಎಂಬ ಭಾವನೆ ಬೇರೂರುತ್ತದೆ. ಒಬ್ಬರು ಮಾತನ್ನೇ ತಪ್ಪಿಸುತ್ತಾರೆ, ಇನ್ನೊಬ್ಬರು ಖರ್ಚನ್ನು ಮುಚ್ಚಿಡುತ್ತಾರೆ, ಮಕ್ಕಳು ಕದದ ಆಚೆಯಿಂದ ಕಿವಿಗೆ ಬಿದ್ದ ಅರ್ಧ ಮಾತಿನಿಂದ ತಮಗೆ ತೋಚಿದ ಪಾಠ ಕಲಿಯುತ್ತಾರೆ.

ಆದ್ದರಿಂದ ಮೊದಲು ಬದಲಾಗಬೇಕಾದದ್ದು ಮಾತಿನ ಸಂದರ್ಭ. ಕೊರತೆಯಿಲ್ಲದ, ಅವಸರವಿಲ್ಲದ ದಿನವೊಂದರಲ್ಲಿ ಹಣದ ವಿಷಯ ಮಾತನಾಡುವ ಅಭ್ಯಾಸ ಬಂದರೆ ಆಲೋಚನೆ ತಾನಾಗಿ ಅದರ ಹಿಂದೆ ಬರುತ್ತದೆ. ಹೂಡಿಕೆಯ ತಿಳಿವಳಿಕೆ, ಬಜೆಟ್ ಆ್ಯಪ್ ಮುಂತಾದವುಗಳಿಗೆ ಆಮೇಲೆ ಜಾಗವಿದೆ. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಕೈಗೊಳ್ಳುವುದು ಒಳ್ಳೆಯದು, ಏಕೆಂದರೆ ಮೊದಲ ಮೂರು ಹಂತಗಳನ್ನು ಬಿಟ್ಟು ನೇರವಾಗಿ ಮಾತಿಗೆ ಕುಳಿತ ಕುಟುಂಬ ಹಳೆಯ ಜಗಳವನ್ನೇ ಹೊಸ ದಿನಾಂಕದಲ್ಲಿ ಆಡಿ ಎದ್ದು ಬರುವ ಸಂಭವ ಹೆಚ್ಚು.

ಮೊದಲ ಹಂತ: ಈಗ ನಡೆಯುತ್ತಿರುವ ಮಾತನ್ನು ಗಮನಿಸಿ

ಎರಡು ಮೂರು ವಾರ ಏನನ್ನೂ ಬದಲಾಯಿಸದೆ ಕೇವಲ ಕೇಳಿಸಿಕೊಳ್ಳಿ. ಹಣದ ವಿಷಯವನ್ನು ಯಾರು ಎತ್ತುತ್ತಾರೆ, ಯಾವ ಹೊತ್ತಿನಲ್ಲಿ ಎತ್ತುತ್ತಾರೆ, ಯಾವ ವಾಕ್ಯ ಮತ್ತೆ ಮತ್ತೆ ಬರುತ್ತದೆ, ಯಾರು ಎದ್ದು ಹೋಗುತ್ತಾರೆ ಎಂಬುದನ್ನು ನಿಮಗಾಗಿ ಮಾತ್ರ ಬರೆದಿಟ್ಟುಕೊಳ್ಳಿ. 'ನಮ್ಮಂಥವರಿಗೆ ಅದೆಲ್ಲ ಎಲ್ಲಿ', 'ದುಡ್ಡೇ ದೊಡ್ಡಪ್ಪ', 'ನಾಲ್ಕು ಜನ ಏನಂದಾರು', 'ಇವತ್ತು ಇದೆ, ನಾಳೆ ಯಾರು ಕಂಡಿದ್ದಾರೆ' ಎಂಬಂಥ ಮಾತುಗಳು ಗಾಳಿಯಂತೆ ಸುಳಿದು ಹೋಗುವುದರಿಂದ ಅವು ನಮ್ಮ ತೀರ್ಮಾನಗಳನ್ನು ನಡೆಸುತ್ತಿವೆ ಎಂದು ಅನ್ನಿಸುವುದೇ ಇಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರ್ಯಾಡ್ ಕ್ಲಾಂಟ್ಜ್ ಮತ್ತು ಅವರ ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ನಂಬಿಕೆಗಳನ್ನು ನಾಲ್ಕು ಗುಂಪುಗಳಲ್ಲಿ ಗುರುತಿಸಿದರು: ಹಣವೇ ಕೆಟ್ಟದ್ದೆಂದು ಅದರಿಂದ ದೂರ ಸರಿಯುವುದು, ಹಣ ಹೆಚ್ಚಿದರೆ ಎಲ್ಲವೂ ಸರಿಹೋಗುತ್ತದೆಂದು ನಂಬುವುದು, ಹಣದಿಂದಲೇ ತನ್ನ ಅಂತಸ್ತನ್ನು ಅಳೆಯುವುದು, ಮತ್ತು ಸದಾ ಎಚ್ಚರಿಕೆಯಿಂದ, ಕೆಲವೊಮ್ಮೆ ಗುಟ್ಟಾಗಿ, ಕೂಡಿಡುವುದು. ಈ ವಿಂಗಡಣೆಯ ಉಪಯೋಗ ನಿಮ್ಮನ್ನು ನೀವು ನೋಡಿಕೊಳ್ಳುವುದಕ್ಕೆ ಮಾತ್ರ. ಸಂಗಾತಿಯ ಹಣೆಗೆ ಇದರಲ್ಲೊಂದು ಹೆಸರನ್ನು ಅಂಟಿಸಿದರೆ ಸಿಗುವುದು ಜಗಳಕ್ಕೆ ಹೊಸ ಶಬ್ದಕೋಶವಷ್ಟೇ.

ಇದಕ್ಕಿಂತ ಹೆಚ್ಚು ಫಲ ಕೊಡುವ ಪ್ರಶ್ನೆಯೊಂದಿದೆ: ಈ ಮಾತು ಯಾರಿಂದ ಬಂತು, ಅವರ ಕಾಲಕ್ಕೆ ಅದು ನಿಜವಾಗಿತ್ತೇ? ಸಾಲ ಕೊಟ್ಟವರು ಬಾಗಿಲಿಗೆ ಬಂದು ನಿಂತದ್ದನ್ನು ಬಾಲ್ಯದಲ್ಲಿ ಕಂಡವರಿಗೆ ಎಲ್ಲ ಸಾಲವೂ ಅವಮಾನವಾಗಿಯೇ ತೋರುತ್ತದೆ. ಬೆಲೆಗಳು ನೋಡನೋಡುತ್ತಲೇ ಏರಿದ ಕಾಲದಲ್ಲಿ ಬೆಳೆದವರಿಗೆ ನಗದನ್ನು ಕೈಯಲ್ಲಿಟ್ಟುಕೊಳ್ಳುವುದೇ ದಡ್ಡತನ. ಇಬ್ಬರೂ ತಾವು ಕಂಡದ್ದರಿಂದ ಸರಿಯಾದ ಪಾಠವನ್ನೇ ಕಲಿತಿದ್ದಾರೆ, ಆದರೆ ಈಗ ಒಂದೇ ಮನೆಯಲ್ಲಿ ಕುಳಿತು ಒಬ್ಬರನ್ನೊಬ್ಬರು ಜಿಪುಣರೆಂದೂ ದುಂದುಗಾರರೆಂದೂ ಕರೆಯುತ್ತಿದ್ದಾರೆ.

ಎರಡನೆಯ ಹಂತ: ಹಿಡಿತ ಯಾರದು, ಹೊರೆ ಯಾರದು ಎಂದು ಬಿಡಿಸಿ ನೋಡಿ

ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಜ್ಯಾನ್ ಪಾಲ್ 1980ರ ದಶಕದಲ್ಲಿ ದಂಪತಿಗಳ ಹಣದ ವ್ಯವಸ್ಥೆಯನ್ನು ಅಧ್ಯಯನ ಮಾಡಿ ನಾಲ್ಕು ಮಾದರಿಗಳನ್ನು ವಿವರಿಸಿದ್ದರು. ಸಂಬಳವೆಲ್ಲ ಒಬ್ಬರ ಕೈಗೆ ಬಂದು ಅವರೇ ಎಲ್ಲವನ್ನೂ ನಿಭಾಯಿಸುವುದು ಒಂದು. ಗಳಿಸುವವರು ಮನೆಖರ್ಚಿಗೆಂದು ಗೊತ್ತಾದ ಮೊತ್ತ ಕೊಟ್ಟು ಉಳಿದದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು ಇನ್ನೊಂದು. ಎಲ್ಲವನ್ನೂ ಒಟ್ಟುಗೂಡಿಸಿ ಇಬ್ಬರೂ ಬಳಸುವುದು ಮೂರನೆಯದು. ಇಬ್ಬರೂ ಪ್ರತ್ಯೇಕ ಖಾತೆ ಇಟ್ಟುಕೊಂಡು ಖರ್ಚುಗಳನ್ನು ಹಂಚಿಕೊಳ್ಳುವುದು ನಾಲ್ಕನೆಯದು. ಹಣವನ್ನು ನಿಭಾಯಿಸುವುದು ಬೇರೆ, ಹಣದ ಮೇಲೆ ಹಿಡಿತವಿರುವುದು ಬೇರೆ ಎಂಬುದು ಅವರ ಅಧ್ಯಯನದ ತಿರುಳು. ಆದಾಯ ಕಡಿಮೆಯಿರುವ ಮನೆಯಲ್ಲಿ ನಿಭಾಯಿಸುವ ಕೆಲಸ ಅಧಿಕಾರವೆನಿಸುವುದಿಲ್ಲ. ಸಾಕಾಗದ ಹಣದಲ್ಲಿ ತಿಂಗಳನ್ನು ಎಳೆಯುವ ಆ ಹೊರೆ ಹೆಚ್ಚಾಗಿ ಹೆಂಡತಿಯ ಹೆಗಲಿಗೆ ಬೀಳುತ್ತದೆ.

ನಿಮ್ಮ ಮನೆ ಯಾವ ಮಾದರಿಗೆ ಸೇರುತ್ತದೆ ಎಂದು ಗುರುತಿಸಿ, ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ದೊಡ್ಡ ಖರ್ಚಿಗೆ ಒಪ್ಪಿಗೆ ಕೊಡುವವರು ಯಾರು? ಹಣ ಸಾಲದಿದ್ದಾಗ ತಲೆಕೆಡಿಸಿಕೊಳ್ಳುವವರು ಯಾರು? ಯಾರಿಗೆ ತಮ್ಮ ಸಣ್ಣ ಖರ್ಚಿಗೂ ಕೇಳಿ ಪಡೆಯಬೇಕಾಗಿದೆ? ಮೂರಕ್ಕೂ ಬೇರೆ ಬೇರೆ ಹೆಸರು ಬಂದರೆ ಜಗಳದ ಮೂಲ ಅಲ್ಲಿಯೇ ಇದೆ. ಯಾವ ಮಾದರಿ ಮೇಲು ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಪ್ರತ್ಯೇಕ ಖಾತೆಗಳಿದ್ದೂ ನೆಮ್ಮದಿಯಾಗಿರುವವರಿದ್ದಾರೆ, ಜಂಟಿ ಖಾತೆಯಿದ್ದೂ ಒಬ್ಬರಿಗೊಬ್ಬರು ಸುಳ್ಳು ಹೇಳುವವರಿದ್ದಾರೆ.

ಮೂರನೆಯ ಹಂತ: ಒಂದು ಹಾಳೆಯಲ್ಲಿ ಮನೆಯ ಲೆಕ್ಕ

ಮಾತಿಗೆ ಕೂರುವ ಮೊದಲು ಸಂಗತಿಗಳು ಕಾಗದದ ಮೇಲಿರಬೇಕು. ತಿಂಗಳ ಆದಾಯ, ತಪ್ಪಿಸಲಾಗದ ಖರ್ಚುಗಳು, ಪ್ರತಿಯೊಂದು ಸಾಲದ ಉಳಿದ ಅಸಲು, ಬಡ್ಡಿದರ ಮತ್ತು ಬಾಕಿ ಕಂತುಗಳು, ಉಳಿತಾಯ, ವಿಮೆ, ಇಷ್ಟು ಸಾಕು. ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನೆಲ್ಲ ಕೂಡಿಸಿ 12ರಿಂದ ಭಾಗಿಸಿ ತಿಂಗಳ ಖರ್ಚಿನಲ್ಲಿಯೇ ಸೇರಿಸಿ, ಏಕೆಂದರೆ ಶಾಲಾ ಶುಲ್ಕವಾಗಲಿ ವಿಮೆಯ ಕಂತಾಗಲಿ ಪ್ರತಿ ವರ್ಷವೂ ಬರುತ್ತದೆಂದು ಗೊತ್ತಿದ್ದರೂ ಪ್ರತಿ ವರ್ಷವೂ ನಾವು ಅದನ್ನು ಅನಿರೀಕ್ಷಿತವೆಂದೇ ಕರೆಯುತ್ತೇವೆ. ಯಾರಿಗಾದರೂ ಜಾಮೀನು ನಿಂತಿದ್ದರೆ, ಬಂಧುಗಳಿಗೆ ಬಾಯಿಮಾತಿನಲ್ಲಿ ಏನಾದರೂ ಒಪ್ಪಿಕೊಂಡಿದ್ದರೆ ಅದೂ ಹಾಳೆಯ ಮೇಲೆ ಬರಬೇಕು.

ಬಡ್ಡಿಯ ಭಾರ ಎಲ್ಲರಿಗೂ ಅರ್ಥವಾಗಲು 72ರ ಸೂತ್ರ ಸಾಕು. 72ನ್ನು ವಾರ್ಷಿಕ ಬಡ್ಡಿದರದಿಂದ ಭಾಗಿಸಿದರೆ ಮೊತ್ತ ಇಮ್ಮಡಿಯಾಗಲು ಬೇಕಾಗುವ ವರ್ಷಗಳ ಅಂದಾಜು ಸಿಗುತ್ತದೆ. ತಿಂಗಳಿಗೆ ಶೇಕಡಾ 2 ಎಂದರೆ ಕಡಿಮೆಯೆನಿಸುತ್ತದೆ, ಆದರೆ ಅದು ವರ್ಷಕ್ಕೆ ಸುಮಾರು ಶೇಕಡಾ 24. ಏನೂ ಕಟ್ಟದೆ ಬಿಟ್ಟರೆ ಆ ಸಾಲ ಚಕ್ರಬಡ್ಡಿಯಲ್ಲಿ ಮೂರೇ ವರ್ಷಕ್ಕೆ ಇಮ್ಮಡಿಯಾಗುತ್ತದೆ. ಇದೇ ಸೂತ್ರವನ್ನು ಬೆಲೆಯೇರಿಕೆಗೂ ಅನ್ವಯಿಸಬಹುದು: ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರುತ್ತಿದ್ದರೆ ಪೆಟ್ಟಿಗೆಯಲ್ಲಿಟ್ಟ ನಗದಿನ ಕೊಳ್ಳುವ ಶಕ್ತಿ 12 ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಸಾಲಕ್ಕೆ ಹೆದರುವವರಿಗೂ ನಗದನ್ನು ನಂಬುವವರಿಗೂ ಒಂದೇ ಲೆಕ್ಕದಿಂದ ವಿಷಯ ತಿಳಿಯುವುದರಿಂದ ಉಪದೇಶ ಮಾಡುವ ಅಗತ್ಯ ಬೀಳುವುದಿಲ್ಲ.

ಇನ್ನು ಮುಚ್ಚಿಟ್ಟ ಸಾಲದ ವಿಷಯ. ಹಾಳೆ ತುಂಬುವ ಮೊದಲೇ ಒಂದು ಮಾತು ಕೊಟ್ಟುಕೊಳ್ಳುವುದು ಕ್ಷೇಮ: ಇಂಥ ದಿನದೊಳಗೆ ಹೇಳಿದ ಯಾವ ಸಾಲಕ್ಕೂ, ಯಾವ ಖರ್ಚಿಗೂ ಆ ದಿನ ವಿಚಾರಣೆಯಿಲ್ಲ. ಹೇಳಬೇಕಾದವರು ನೀವೇ ಆಗಿದ್ದರೆ ಮೊತ್ತವನ್ನು ಪೂರ್ತಿಯಾಗಿ, ಒಂದೇ ಸಲ ಹೇಳಿ. ಅರ್ಧ ಹೇಳಿ ಉಳಿದರ್ಧ ಮುಂದಿನ ತಿಂಗಳು ಹೊರಬಿದ್ದರೆ, ಅದುವರೆಗೆ ಹೇಳಿದ ನಿಜವೂ ಸುಳ್ಳಿನ ಲೆಕ್ಕಕ್ಕೆ ಸೇರುತ್ತದೆ. ಕೇಳಿಸಿಕೊಳ್ಳುವವರಿಗೆ ಸಿಟ್ಟು ಬರುವುದು ನ್ಯಾಯವೇ. ಆ ಸಿಟ್ಟಿನ ಮಾತಿಗೆ ಬೇರೊಂದು ದಿನ ಗೊತ್ತುಮಾಡಿಕೊಳ್ಳಿ, ಲೆಕ್ಕದ ದಿನ ಲೆಕ್ಕ ಮಾತ್ರ ಆಗಲಿ.

ನಾಲ್ಕನೆಯ ಹಂತ: ಮೊದಲ ಮಾತುಕತೆ

ಈ ಮಾರ್ಗದಲ್ಲಿ ಅತ್ಯಂತ ಕಷ್ಟದ ಜಾಗ ಇದು. ದಿನ ಮತ್ತು ಹೊತ್ತನ್ನು ಮುಂಚೆಯೇ ಹೇಳಿಡಿ. ದಣಿದು ಬಂದ ಸಂಜೆಯೂ ಬಿಲ್ಲು ಕಟ್ಟುವ ದಿನವೂ ಬೇಡ. ಮುಕ್ಕಾಲು ಗಂಟೆ ಮೀರುವುದು ಬೇಡ. ಫೋನುಗಳು ಬೇರೆ ಕೋಣೆಯಲ್ಲಿರಲಿ. ಎದುರುಬದುರು ಕೂರುವುದಕ್ಕಿಂತ ಹಾಳೆಯನ್ನು ಮುಂದಿಟ್ಟುಕೊಂಡು ಪಕ್ಕದಲ್ಲಿ ಕುಳಿತರೆ ಎಲ್ಲರ ಕಣ್ಣೂ ಸಮಸ್ಯೆಯ ಮೇಲಿರುತ್ತದೆ.

ಮಾತು ಶುರುವಾಗುವ ರೀತಿಯನ್ನು ಹಗುರವಾಗಿ ಕಾಣಬಾರದು. ದಾಂಪತ್ಯದ ಸಂಶೋಧಕರಾದ ಸಿಬಿಲ್ ಕರೇರ್ ಮತ್ತು ಜಾನ್ ಗಾಟ್‌ಮನ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 124 ನವದಂಪತಿಗಳು ತಮ್ಮ ನಡುವಿನ ಭಿನ್ನಾಭಿಪ್ರಾಯವೊಂದನ್ನು ಚರ್ಚಿಸಿದ ರೀತಿಯನ್ನು ವಿಶ್ಲೇಷಿಸಿದರು. ಮುಂದಿನ ಆರು ವರ್ಷಗಳಲ್ಲಿ ಯಾರ ಮದುವೆ ಮುರಿಯಬಹುದೆಂಬ ಸುಳಿವು ಆ ಮಾತುಕತೆಯ ಮೊದಲ ಮೂರು ನಿಮಿಷಗಳಲ್ಲಿಯೇ ಸಿಕ್ಕಿತ್ತು. 'ನೀವು ಯಾವಾಗಲೂ ಹೀಗೆಯೇ' ಎಂದು ಶುರುವಾದ ಮಾತು ಎದುರಿನವರನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ. ಅದರ ಬದಲು ತಮ್ಮ ಸ್ಥಿತಿಯನ್ನೂ ಒಂದು ಸಂಗತಿಯನ್ನೂ ಒಂದು ಕೋರಿಕೆಯನ್ನೂ ಹೇಳಬಹುದು: 'ಕಂತಿನ ದಿನ ಹತ್ತಿರ ಬಂದರೆ ನನಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಕಳೆದ ಮೂರು ತಿಂಗಳು ಉಳಿತಾಯದಿಂದ ತೆಗೆದು ಕಟ್ಟಿದ್ದೇವೆ. ಮುಂದಿನ ತಿಂಗಳು ಹಾಗಾಗದಂತೆ ಏನು ಮಾಡಬಹುದು, ನೀವೂ ಹೇಳಿ.' ಈ ಮೂರು ವಾಕ್ಯಗಳಲ್ಲಿ ಎಲ್ಲಿಯೂ ಆರೋಪವಿಲ್ಲ, ಆದರೆ ಹೇಳಬೇಕಾದದ್ದು ಒಂದೂ ಬಿಟ್ಟಿಲ್ಲ.

'ಯಾಕೆ' ಎಂಬ ಪ್ರಶ್ನೆಯನ್ನು ಮೊದಲ ದಿನ ಆದಷ್ಟು ದೂರವಿಡಿ. 'ಯಾಕೆ ಅಷ್ಟು ಖರ್ಚು ಮಾಡಿದಿರಿ' ಎಂಬ ಪ್ರಶ್ನೆ ಉತ್ತರವನ್ನು ಬಯಸುವುದಿಲ್ಲ, ಸಮರ್ಥನೆಯನ್ನು ಬಯಸುತ್ತದೆ. 'ಅದನ್ನು ಕೊಂಡಾಗ ಮನಸ್ಸಿನಲ್ಲಿ ಏನಿತ್ತು' ಎಂದು ಕೇಳಿದರೆ ಕೆಲವೊಮ್ಮೆ ಅಚ್ಚರಿಯ ಉತ್ತರಗಳು ಬರುತ್ತವೆ. ಅತಿಯಾಗಿ ಕೊಳ್ಳುವವರು ಬೇಸರವನ್ನೋ, ಚಿಕ್ಕಂದಿನಲ್ಲಿ ಸಿಗದೆ ಹೋದುದನ್ನೋ ಕೊಳ್ಳುತ್ತಿರುತ್ತಾರೆ.

ಮೊದಲ ಮಾತುಕತೆಯಲ್ಲಿ ಹಾಳೆಯನ್ನು ಓದಿ, ಪ್ರತಿಯೊಬ್ಬರೂ ಮುಂದಿನ ಎರಡು ವರ್ಷಗಳಲ್ಲಿ ಹಣದಿಂದ ಆಗಬೇಕೆಂದು ಬಯಸುವ ಒಂದು ಸಂಗತಿಯನ್ನು ಹೇಳಿ, ಕೊನೆಗೆ ಒಂದೇ ಒಂದು ಸಣ್ಣ ತೀರ್ಮಾನ ಮಾಡಿ. ಯಾರೂ ಬಳಸದ ಚಂದಾ ಒಂದನ್ನು ನಿಲ್ಲಿಸುವುದು, ಮುಂದಿನ ಸಭೆಯ ದಿನ ಗೊತ್ತುಮಾಡುವುದು, ಇಂಥದ್ದೇನಾದರೂ ಆಗಬಹುದು. ಸಾಲ ತೀರಿಸುವ ಮಹಾಯೋಜನೆಯನ್ನು ಮೊದಲ ದಿನವೇ ಹಾಕಿಕೊಂಡವರು ಎರಡನೆಯ ಸಭೆಗೆ ಬರಲು ಹಿಂಜರಿಯುತ್ತಾರೆ. ದನಿ ಏರಿತೆಂದರೆ ಯಾರು ಬೇಕಾದರೂ ಮಾತು ನಿಲ್ಲಿಸಬಹುದು, ಆದರೆ ನಿಲ್ಲಿಸಿದವರೇ ಮತ್ತೆ ಕೂರುವ ದಿನವನ್ನು ಹೇಳಬೇಕು ಎಂಬ ನಿಯಮವನ್ನು ಮೊದಲೇ ಒಪ್ಪಿಕೊಳ್ಳಿ. ಇಲ್ಲವಾದರೆ ನಿಲ್ಲಿಸುವುದೇ ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ.

ಐದನೆಯ ಹಂತ: ಹಣಕ್ಕೆ ಹೆಸರು, ವ್ಯಕ್ತಿಗೆ ಸ್ವಾತಂತ್ರ್ಯ

ಅರ್ಥಶಾಸ್ತ್ರದ ಪುಸ್ತಕದಲ್ಲಿ ಒಂದು ನೋಟಿಗೂ ಇನ್ನೊಂದು ನೋಟಿಗೂ ವ್ಯತ್ಯಾಸವಿಲ್ಲ, ಮನೆಯಲ್ಲಿ ಮಾತ್ರ ಇದೆ. ಬೋನಸ್ ಹಣವನ್ನು ಧಾರಾಳವಾಗಿ ಖರ್ಚು ಮಾಡುವವರೇ ಸಂಬಳದ ಹಣವನ್ನು ಎಣಿಸಿ ಎಣಿಸಿ ತೆಗೆಯುತ್ತಾರೆ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಮನಸ್ಸಿನೊಳಗಿನ ಈ ಬೇರೆ ಬೇರೆ ಖಾತೆಗಳನ್ನು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಈ ಸ್ವಭಾವವನ್ನು ತಿದ್ದಲು ಹೋಗುವುದಕ್ಕಿಂತ ಬಳಸಿಕೊಳ್ಳುವುದು ಸುಲಭ. ತುರ್ತು ನಿಧಿ, ಮಗಳ ಓದು, ಮನೆ ದುರಸ್ತಿ ಎಂದು ಪ್ರತ್ಯೇಕ ಖಾತೆಗಳನ್ನು ಮಾಡಿ ಹೆಸರಿಟ್ಟರೆ, 'ಉಳಿತಾಯದಿಂದ ತೆಗೆಯೋಣ' ಎನ್ನುವುದು 'ಮಗಳ ಓದಿನ ಹಣದಿಂದ ತೆಗೆಯೋಣ' ಎಂದಾಗುತ್ತದೆ, ಮತ್ತು ಆ ಮಾತನ್ನು ಆಡುವುದು ಅಷ್ಟು ಸುಲಭವಲ್ಲ. ಒಂದು ಎಚ್ಚರಿಕೆಯೂ ಬೇಕು: ಹೆಸರಿಟ್ಟ ಖಾತೆಯಲ್ಲಿ ಕಡಿಮೆ ಬಡ್ಡಿಗೆ ಹಣವಿಟ್ಟು, ಇತ್ತ ಕ್ರೆಡಿಟ್ ಕಾರ್ಡಿನ ಬಾಕಿಗೆ ಅದರ ಹಲವು ಪಟ್ಟು ಬಡ್ಡಿ ಕಟ್ಟುವುದು ಇದೇ ಸ್ವಭಾವದ ಅಡ್ಡಪರಿಣಾಮ. ಸಣ್ಣದೊಂದು ತುರ್ತು ಮೊತ್ತವನ್ನು ಉಳಿಸಿಕೊಂಡು ಆ ಬಾಕಿಯನ್ನೇ ಮೊದಲು ತೀರಿಸಬೇಕು.

ಗಳಿಸುವವರಿರಲಿ, ಗಳಿಸದವರಿರಲಿ, ಮನೆಯ ಪ್ರತಿ ವಯಸ್ಕರಿಗೂ ಲೆಕ್ಕ ಕೊಡಬೇಕಿಲ್ಲದ ಒಂದು ಮೊತ್ತ ತಿಂಗಳಿಗೆ ಸಿಗಬೇಕು. ಮೊತ್ತ ಚಿಕ್ಕದಾಗಿದ್ದರೂ ಅಡ್ಡಿಯಿಲ್ಲ, ಎಲ್ಲರಿಗೂ ಸಮನಾಗಿರಲಿ. ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಪಾಲಿಸುತ್ತೇವೆ ಎನ್ನುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ, ಏಕೆಂದರೆ ಮುಚ್ಚಿಡುವ ಸಣ್ಣ ಸಣ್ಣ ಖರ್ಚುಗಳಲ್ಲಿ ಬಹುಪಾಲು ಇದರಿಂದ ತಾನಾಗಿ ನಿಲ್ಲುತ್ತದೆ. ಇದರ ಜೊತೆಗೆ, ಇಷ್ಟು ಮೊತ್ತ ಮೀರಿದ ಖರ್ಚಿಗೆ ಪರಸ್ಪರ ಕೇಳಿಯೇ ಮುಂದುವರಿಯುವುದು ಎಂಬ ಮಿತಿಯನ್ನೂ ಒಪ್ಪಿಕೊಳ್ಳಿ.

ಉಳಿತಾಯವನ್ನು ಹೆಚ್ಚಿಸುವಾಗ ಈಗಿನ ಖರ್ಚನ್ನು ಕತ್ತರಿಸುವುದಕ್ಕಿಂತ ಮುಂದೆ ಬರುವ ಹಣಕ್ಕೆ ದಾರಿ ಮಾಡಿಡುವುದು ಹಗುರ. ಗಳಿಕೆಯ ಸಂತೋಷಕ್ಕಿಂತ ಅಷ್ಟೇ ಮೊತ್ತದ ನಷ್ಟದ ನೋವು ದೊಡ್ಡದೆಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ತಮ್ಮ ಸಿದ್ಧಾಂತದಲ್ಲಿ ವಿವರಿಸಿದ್ದರು. ಕೈಗೆ ಬಂದ ಹಣವನ್ನು ಬಿಟ್ಟುಕೊಡುವುದು ಮನಸ್ಸಿಗೆ ನಷ್ಟವಾಗಿಯೇ ತೋರುತ್ತದೆ. ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಈ ತಿಳಿವಳಿಕೆಯಿಂದ ರೂಪಿಸಿದ ಯೋಜನೆಯಲ್ಲಿ ನೌಕರರು ತಮ್ಮ ಮುಂದಿನ ಸಂಬಳ ಏರಿಕೆಯ ಒಂದು ಪಾಲನ್ನು ಉಳಿತಾಯಕ್ಕೆ ಹಾಕಲು ಮುಂಚಿತವಾಗಿಯೇ ಒಪ್ಪಿಕೊಂಡರು. 2004ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಮೊದಲ ಸಂಸ್ಥೆಯಲ್ಲಿ ಅವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇಕಡಾ 3.5ರಿಂದ ಶೇಕಡಾ 13.6ಕ್ಕೆ ಏರಿತು. ಮನೆಯಲ್ಲಿಯೂ ಇದೇ ಪ್ರಶ್ನೆಯನ್ನು ಇಂದೇ ಕೇಳಬಹುದು: ಮುಂದಿನ ಏರಿಕೆ ಬಂದಾಗ ಅದರಲ್ಲಿ ಅರ್ಧ ಎಲ್ಲಿಗೆ ಹೋಗಬೇಕು?

ಆರನೆಯ ಹಂತ: ಮಕ್ಕಳು

ಮಕ್ಕಳಿಗೆ ತಾಳ್ಮೆ ಕಲಿಸಿದರೆ ಹಣದ ಶಿಸ್ತು ತಾನಾಗಿ ಬರುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಎದುರಿಗಿಟ್ಟ ಸಿಹಿಯನ್ನು ತಿನ್ನದೆ ಕಾದರೆ ಎರಡು ಸಿಗುತ್ತದೆ ಎಂಬ, ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಷೆಲ್ ಅವರ ಪ್ರಸಿದ್ಧ ಪ್ರಯೋಗದಿಂದ ಅದಕ್ಕೆ ಬಲ ಬಂತು. ಆದರೆ 2013ರಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಹೋದ್ಯೋಗಿಗಳು ಅದೇ ಪ್ರಯೋಗಕ್ಕೆ ಮುಂಚೆ ಇನ್ನೊಂದನ್ನು ಸೇರಿಸಿದರು: ಕೆಲವು ಮಕ್ಕಳಿಗೆ ಹೇಳಿದ ಸಾಮಗ್ರಿಯನ್ನು ತಂದುಕೊಟ್ಟರು, ಉಳಿದವರಿಗೆ ತರುತ್ತೇವೆಂದು ಹೇಳಿ ತರಲಿಲ್ಲ. ಮಾತು ಉಳಿಸಿಕೊಂಡವರ ಎದುರಿನ ಮಕ್ಕಳು ಸರಾಸರಿ ಸುಮಾರು 12 ನಿಮಿಷ ಕಾದರು, ಮಾತು ತಪ್ಪಿದವರ ಎದುರಿನ ಮಕ್ಕಳು ಸುಮಾರು 3 ನಿಮಿಷ. ಹಿರಿಯರ ಮಾತನ್ನು ನಂಬಲಾಗದ ಕಡೆ ಸಿಕ್ಕಿದ್ದನ್ನು ಆಗಲೇ ತಿಂದುಬಿಡುವುದು ಮಗುವಿನ ಜಾಣತನವೇ.

ಹಾಗಾಗಿ ಪಾಕೆಟ್ ಮನಿ ಎಷ್ಟು ಎನ್ನುವುದಕ್ಕಿಂತ ಹೇಳಿದ ದಿನ ತಪ್ಪದೆ ಸಿಗುತ್ತದೆಯೇ ಎಂಬುದು ಮುಖ್ಯ. ಮಗುವಿನ ಉಳಿತಾಯದ ಡಬ್ಬಿಯಿಂದ ತುರ್ತಿಗೆ ತೆಗೆದ ಹಣವನ್ನು ಕೇಳಿಯೇ ತೆಗೆಯಬೇಕು, ಹೇಳಿದ ದಿನಕ್ಕೆ ಹಿಂದಿರುಗಿಸಬೇಕು. 'ನಮ್ಮ ಹತ್ತಿರ ದುಡ್ಡಿಲ್ಲ' ಎಂದು ಆಟಿಕೆಯಂಗಡಿಯಲ್ಲಿ ಹೇಳಿ, ಸಂಜೆ ದೊಡ್ಡದೇನನ್ನೋ ಕೊಂಡು ತಂದರೆ ಮಗು ಕಲಿಯುವುದು ಸುಳ್ಳನ್ನು. 'ಈ ತಿಂಗಳ ಹಣವನ್ನು ಬೇರೆ ಕೆಲಸಕ್ಕೆ ಎತ್ತಿಟ್ಟಿದ್ದೇವೆ' ಎನ್ನುವುದು ನಿಜವೂ ಹೌದು, ಪಾಠವೂ ಹೌದು. ಹದಿಹರೆಯದವರನ್ನು ತಿಂಗಳ ಸಭೆಗೆ ಸೇರಿಸಿಕೊಳ್ಳಿ, ಒಂದು ಖರ್ಚಿನ ಜವಾಬ್ದಾರಿಯನ್ನು ಪೂರ್ತಿಯಾಗಿ ಅವರಿಗೇ ಬಿಡಿ. ಸಾಲದ ಭಯವನ್ನು ಅವರ ತಲೆಗೆ ಹೊರಿಸಬೇಡಿ. ಸ್ಥಿತಿಯನ್ನು ತಿಳಿಸುವುದಕ್ಕೂ ಗೋಳನ್ನು ತೋಡಿಕೊಳ್ಳುವುದಕ್ಕೂ ಅಂತರವಿದೆ.

ಏಳನೆಯ ಹಂತ: ಹಿರಿಯರು ಮತ್ತು ಬಂಧುಗಳು

ತಂದೆ ತಾಯಿಯರ ಬಳಿ ಹಣದ ವಿಷಯ ಎತ್ತಿದರೆ ಆಸ್ತಿಯ ಮೇಲೆ ಕಣ್ಣಿಟ್ಟಂತೆ ತೋರಬಹುದೆಂಬ ಅಳುಕು ಅನೇಕರಿಗಿದೆ. ನಿಮ್ಮದೇ ಹಾಳೆಯನ್ನು ಮೊದಲು ತೋರಿಸಿ: 'ಅಪ್ಪಾ, ನಮ್ಮ ವಿಮೆ, ನಾಮಿನಿ, ಪಾಸ್‌ಬುಕ್ ಎಲ್ಲ ಎಲ್ಲಿವೆಯೆಂದು ಹೀಗೆ ಬರೆದಿಟ್ಟಿದ್ದೇನೆ. ನಿಮ್ಮದನ್ನೂ ಹೀಗೆ ಬರೆದಿಟ್ಟರೆ ಆಸ್ಪತ್ರೆಯ ಹೊತ್ತಿನಲ್ಲಿ ಹುಡುಕಾಡುವುದು ತಪ್ಪುತ್ತದೆ.' ಮೊತ್ತ ಕೇಳಬೇಡಿ, ಕಾಗದಗಳಿರುವ ಜಾಗ ಕೇಳಿ. ಉಳಿದದ್ದು ಅವರಿಗೆ ಹೇಳಬೇಕೆನಿಸಿದಾಗ ಬರುತ್ತದೆ.

ಬಂಧುಗಳು ಕೈಸಾಲ ಕೇಳಿದಾಗ ಮನೆಯವರೊಂದಿಗೆ ಮಾತನಾಡಿ ಒಂದು ದಿನ ಬಿಟ್ಟು ಉತ್ತರ ಕೊಡುವುದನ್ನು ಮನೆಯ ನಿಯಮವಾಗಿಸಿಕೊಳ್ಳಿ. ನಿಯಮವಿದ್ದರೆ ನಿರಾಕರಣೆ ವ್ಯಕ್ತಿಯ ಮೇಲೆ ಬರುವುದಿಲ್ಲ. ಹಿಂದಿರುಗದಿದ್ದರೂ ಸಂಬಂಧ ಕೆಡದಷ್ಟು ಮೊತ್ತವನ್ನು ಮಾತ್ರ ಕೊಡಿ. ಜಾಮೀನನ್ನು ಮಾತ್ರ ನಿಮ್ಮದೇ ಸಾಲವೆಂದು ಎಣಿಸಿ ಸಹಿ ಹಾಕಿ, ಇಲ್ಲವೇ ಹಾಕಬೇಡಿ.

ಕೊರತೆಯ ಕಾಲದಲ್ಲಿ

ಹಣ ನಿಜವಾಗಿಯೂ ಸಾಲದಿರುವಾಗ ಮಾತುಕತೆಯ ಶಿಸ್ತು ಮೊದಲು ಕುಸಿಯುತ್ತದೆ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿನ ಮೊದಲು ಮತ್ತು ಅನಂತರ ಪರೀಕ್ಷಿಸಿದ ಅಧ್ಯಯನವೊಂದನ್ನು ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮತ್ತಿತರರು 2013ರಲ್ಲಿ ಪ್ರಕಟಿಸಿದರು. ಕೈ ಬರಿದಾಗಿದ್ದ ಕಟಾವಿನ ಮುಂಚಿನ ದಿನಗಳಲ್ಲಿ ಅದೇ ರೈತರು ಆಲೋಚನಾ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದರು. ಬುದ್ಧಿ ಕಡಿಮೆಯಾಗಿರಲಿಲ್ಲ, ಚಿಂತೆ ಅದನ್ನು ಆಕ್ರಮಿಸಿತ್ತು. ಆದ್ದರಿಂದ ಇಕ್ಕಟ್ಟಿನ ವಾರದಲ್ಲಿ ಈ ವಾರದ ತೀರ್ಮಾನಗಳನ್ನು ಮಾತ್ರ ಮಾಡಿ. ಹೊಸ ಸಾಲ, ಆಸ್ತಿ ಮಾರಾಟದಂಥ ದೊಡ್ಡ ವಿಷಯಗಳಿಗೆ ಕನಿಷ್ಠ ಇನ್ನೊಬ್ಬರ ಸಲಹೆ ಪಡೆಯಿರಿ.

ಮಾತುಕತೆಯಿಂದ ಬಗೆಹರಿಯದ ಸ್ಥಿತಿಗಳೂ ಇವೆ. ಸಂಗಾತಿಯ ಸಂಬಳವನ್ನು ಬಲವಂತವಾಗಿ ಕಿತ್ತುಕೊಳ್ಳುವುದು, ದುಡಿಯಲು ಬಿಡದಿರುವುದು, ಅವರ ಹೆಸರಿನಲ್ಲಿ ತಿಳಿಸದೆ ಸಾಲ ಮಾಡುವುದು ಆರ್ಥಿಕ ದೌರ್ಜನ್ಯ. ಅಲ್ಲಿ ತಿಂಗಳ ಸಭೆಯ ಸಲಹೆ ಅಪಾಯಕಾರಿಯೂ ಆಗಬಹುದು. ಕಾನೂನಿನ ನೆರವೂ ನಂಬಿಕಸ್ಥರ ಆಸರೆಯೂ ಬೇಕು. ಜೂಜಿನ ಚಟವಿದ್ದರೆ ಚಿಕಿತ್ಸೆ ಬೇಕು, ಮತ್ತು ಅದುವರೆಗೆ ಖಾತೆಗಳ ಕೀಲಿ ಬೇರೆಯವರ ಬಳಿ ಇರಬೇಕು.

ಮುಂದುವರಿಸುವ ಬಗೆ

ತಿಂಗಳಿಗೊಮ್ಮೆ ಅರ್ಧ ಗಂಟೆ, ವರ್ಷಕ್ಕೊಮ್ಮೆ ಅರ್ಧ ದಿನ. ತಿಂಗಳ ಸಭೆಯಲ್ಲಿ ಹಾಳೆಯ ಅಂಕಿಗಳನ್ನು ಹೊಸದಾಗಿ ಬರೆದು ಒಂದು ತೀರ್ಮಾನ ಮಾಡಿ. ವರ್ಷದ ಸಭೆಯಲ್ಲಿ ಖಾತೆಗಳ ಹೆಸರುಗಳೂ ಸ್ವಂತ ಖರ್ಚಿನ ಮೊತ್ತವೂ ಕೇಳಿ ಮಾಡುವ ಖರ್ಚಿನ ಮಿತಿಯೂ ಈಗಿನ ಸ್ಥಿತಿಗೆ ಹೊಂದುತ್ತವೆಯೇ ಎಂದು ನೋಡಿ. ಸಭೆ ನಡೆಸುವ ಕೆಲಸ ಸರದಿಯಂತೆ ಎಲ್ಲರಿಗೂ ಬರಲಿ, ಏಕೆಂದರೆ ಒಬ್ಬರೇ ನಡೆಸಿದರೆ ಅದು ವರದಿ ಒಪ್ಪಿಸುವ ಕಚೇರಿಯಾಗುತ್ತದೆ. ಎರಡು ಮೂರು ತಿಂಗಳು ತಪ್ಪಿಹೋದರೆ ಹಳೆಯ ಬಾಕಿಯನ್ನೆಲ್ಲ ತುಂಬಲು ಹೋಗದೆ ಈ ತಿಂಗಳಿನಿಂದಲೇ ಮತ್ತೆ ಶುರುಮಾಡಿ.

ಬದಲಾವಣೆ ಆಗುತ್ತಿದೆಯೇ ಎಂದು ತಿಳಿಯಲು ಉಳಿತಾಯದ ಮೊತ್ತವನ್ನು ನೋಡಬೇಡಿ, ಅದು ಆದಾಯದ ಏರಿಳಿತದೊಂದಿಗೆ ಏರಿಳಿಯುತ್ತದೆ. ಕೆಟ್ಟ ಸುದ್ದಿ ಎಷ್ಟು ಬೇಗ ಹೊರಬರುತ್ತದೆ ಎಂದು ನೋಡಿ. ಹಿಂದೆ ಆರು ತಿಂಗಳು ಮುಚ್ಚಿಟ್ಟ ಸಾಲದ ವಿಷಯ ಈಗ ಅದೇ ವಾರ ಹೇಳಲ್ಪಟ್ಟರೆ, ಮಗ ಕಳೆದುಕೊಂಡ ಹಣದ ಬಗ್ಗೆ ತಾನಾಗಿ ಬಂದು ಹೇಳಿದರೆ, ಹಾಳೆಯಲ್ಲಿ ಅಂಕಿಗಳು ಇನ್ನೂ ಕೆಂಪಾಗಿದ್ದರೂ ಈ ಕೆಲಸ ನಡೆಯುತ್ತಿದೆಯೆಂದೇ ಅರ್ಥ.